ಸವಕಳಿ

ಫಾಲ್ ರಿವರ್‌ನಲ್ಲಿ ಮಾರ್ಚ್ ಅಂದರೆ
ಫುಟ್‌ಪಾತಿನಂಚಿಗೆ ಕಪ್ಪಾದ ಹಿಮ,
ಅಡುಗೆಮನೆ ಮೇಜಿನ ಮೇಲೆ ಬಿಸ್ಕತ್ತಿನ ಡಬ್ಬಿ.
ಬಾಡಿಗೆ ಮನೆಯ ಒಂದಿಡೀ ವರ್ಷವನ್ನು
ಮಗುಚಿ ಸುರಿದು ಕೂರುತ್ತೇನೆ.

ಮೊದಲು ಕೈಗೆ ಬಂದದ್ದೇ ಒಂದು ಬಿಳಿ ಚೀಟಿ.
ಎರಡೂ ಕಡೆ ಬಿಳಿ.
ಅಂಗಡಿಯ ಮಿಷನ್ನು ಶಾಯಿಯಲ್ಲಿ ಬರೆಯುವುದಿಲ್ಲವಂತೆ,
ಬರೀ ಕಾವಿನಲ್ಲಿ ಬರೆಯುತ್ತದಂತೆ;
ಕಾವಿನ ಮಾತು ಎಷ್ಟು ದಿನ ನಿಂತೀತು?
ಕಿಟಕಿಗೆ ಹಿಡಿದೆ, ಬಲ್ಬಿಗೆ ಹಿಡಿದೆ, ಓರೆ ಮಾಡಿ ನೋಡಿದೆ:
ಒಂದು ಏಳು ಇದ್ದ ಹಾಗಿದೆ.
ಏಳು ಡಾಲರೋ, ಎಪ್ಪತ್ತೋ,
ನಲ್ಲಿಯ ವಾಷರೋ, ಇಲಿಯ ಬೋನೋ.
ದೇವರಾಣೆ ಖರ್ಚು ಮಾಡಿದ್ದು ನಿಜ.
ದೇವರಾಣೆ ಬರೆಯಲು ಆ ಫಾರಮ್ಮಿನಲ್ಲಿ ಜಾಗವಿಲ್ಲ.

'ಅವತ್ತಿನದು ಅವತ್ತೇ ಫೋಟೋ ತೆಗೆದಿಡಿ, ಡಿಯೊಲಿಂಡಾ'
ಎಂದು ತೆರಿಗೆ ಬರೆಯುವ ಲವೋಯ್ ಹೋದ ವರ್ಷವೂ ಹೇಳಿದ್ದಳು,
ಅದರ ಹಿಂದಿನ ವರ್ಷವೂ.

ಮೂರಂತಸ್ತಿನ ಮರದ ಮನೆ.
ಕೆಳಗೆ ಮೀನಿನ ಟ್ರಕ್ಕಿನ ಡುವಾರ್ಟೆ,
ಮೇಲೆ ಇವಾನಿಲ್ಡಾ, ಅವಳ ಅವಳಿ ಗಂಡುಮಕ್ಕಳು,
ನಡುವೆ ನಾನು, ಸ್ಯಾಂಡ್‌ವಿಚ್ಚಿನ ಚೀಸಿನಂತೆ.
ಛಾವಣಿ ಸೋರಿ ರಿಪೇರಿಯಾದರೆ
ಮೂರರಲ್ಲಿ ಎರಡು ಪಾಲು ಬಾಡಿಗೆಯ ಖರ್ಚು,
ಉಳಿದೊಂದು ಪಾಲು ಮಳೆ ನನ್ನ ಖಾಸಗಿ.

ನವೆಂಬರಿನಲ್ಲಿ ಹಿಂದಿನ ಮೆಟ್ಟಿಲು ಲಡ್ಡಾಯಿತು.
ಎರಡು ಹಲಗೆ ಬದಲಿಸಿದರೆ ದುರಸ್ತಿ,
ಈ ವರ್ಷವೇ ಪೂರ್ತಿ ಕಳೆಯಬಹುದು.
ಇಡೀ ಮೆಟ್ಟಿಲು ಹೊಸದಾದರೆ ಸುಧಾರಣೆ,
ಇಪ್ಪತ್ತೇಳೂವರೆ ವರ್ಷಕ್ಕೆ ಹಂಚಿ
ಇಷ್ಟಿಷ್ಟೇ ಕಳೆಯುತ್ತ ಹೋಗಬೇಕು.
ನನಗೀಗ ಎಪ್ಪತ್ತಮೂರು.
ಚೀಟಿಯ ಹಿಂದೆ ಕೂಡಿಸಿ ನೋಡಿದೆ: ನೂರು, ಮೇಲೊಂದು ಅರ್ಧ.
ಆ ಅರ್ಧ ಯಾಕಮ್ಮಾ ಎಂದು ಕೇಳಿದ್ದಕ್ಕೆ ಲವೋಯ್ ನಕ್ಕಳು.
ಪೂರ್ತಿ ಹೊಸದೇ ಮಾಡಿಸಿದೆ.
ಆ ಹುಡುಗರು ಮೆಟ್ಟಿಲು ಇಳಿಯುವುದಿಲ್ಲ, ಉರುಳುತ್ತವೆ.

ಮನೆ ಕೊಂಡದ್ದು ತೊಂಬತ್ತನಾಲ್ಕರಲ್ಲಿ,
ಜವಳಿ ಗಿರಣಿಯ ಕೊನೆಯ ಸಂಬಳದ ಮೇಲೆ ಸಾಲವಿಟ್ಟು.
ಅದರ ಸವಕಳಿಯೆಲ್ಲ ತೀರಿ ವರ್ಷಗಳಾದವು.
ಕಾಗದದ ಪ್ರಕಾರ ಈಗ ಗೋಡೆಯ ಬೆಲೆ ಸೊನ್ನೆ,
ಕಿಟಕಿಗೆ ಸೊನ್ನೆ, ಹೊಸಿಲಿಗೆ ಸೊನ್ನೆ.
ನೆಲಕ್ಕೆ ಮಾತ್ರ ಸವಕಳಿ ಲೆಕ್ಕವಿಲ್ಲ,
ಅದು ಕೊಂಡ ದಿನ ಎಷ್ಟಿತ್ತೋ ಅಷ್ಟೇ.
ಸೊನ್ನೆಯೊಳಗೆ ಮೂರು ಸಂಸಾರ.
ಸೊನ್ನೆಯ ಒಲೆಯ ಮೇಲೆ ಇವಾನಿಲ್ಡಾಳ ಹುರುಳಿ ಬೇಯುತ್ತಿದೆ,
ಒಂದನೇ ತಾರೀಕು ಸೊನ್ನೆಗೇ ಬಾಡಿಗೆ ಬರುತ್ತದೆ.

ಡಬ್ಬಿಯ ತಳದಲ್ಲಿ ಸೆರಾಫಿಮನ ನೋಟ್‌ಬುಕ್ಕು.
'ಜೂನ್ ೧೧. ಪೇಂಟು ಮೂರು ಗ್ಯಾಲನ್. ಬ್ರಷ್ಷು ಎರಡು.
ನನ್ನ ಕೈ, ಹದಿನಾಲ್ಕು ಗಂಟೆ.'
ಹದಿನಾಲ್ಕು ಗಂಟೆಯ ಮೇಲೆ ಕೆಂಪು ಅಡ್ಡಗೆರೆ:
ಅವತ್ತಿನ ಅಕೌಂಟೆಂಟನದು.
ಪ್ಲಂಬರಿಗೆ ಕೊಟ್ಟದ್ದು ಖರ್ಚು,
ಮನೆಯೊಡೆಯನ ಬೆನ್ನು ಖರ್ಚಲ್ಲ.
ಮರುವರ್ಷ ಮತ್ತೆ ಬರೆದಿದ್ದಾನೆ: ನನ್ನ ಕೈ, ಒಂಬತ್ತು ಗಂಟೆ.
ಮತ್ತೆ ಕೆಂಪು. ಮತ್ತೆ: ನನ್ನ ಕೈ.
ಹದಿನೇಳು ವರ್ಷ ಹೀಗೇ ಹಟ,
ಆಮೇಲೆ ಬರೀ ಗೆರೆಯಿರದ ಪುಟ.

ಕಾಫಿ ತಣ್ಣಗಾಗಿದೆ.
ಬಿಳಿ ಚೀಟಿಯನ್ನು ಎಸೆಯಲಾಗಲಿಲ್ಲ,
ಅದನ್ನು ಯಾವ ಕಟ್ಟಿಗೂ ಸೇರಿಸಲಾಗಲಿಲ್ಲ.
ನೋಟ್‌ಬುಕ್ಕಿನ ಖಾಲಿ ಪುಟಕ್ಕೆ ಪಿನ್ನು ಹೊಡೆದು
ಕೆಳಗೆ ಬಾಲ್‌ಪೆನ್ನಿನಲ್ಲಿ, ಒತ್ತಿ, ಬರೆದೆ:
'ಡಿಸೆಂಬರ್ ೨೪. ಮೇಲಿನ ಮನೆ ಪೈಪು ಹೆಪ್ಪುಗಟ್ಟಿತ್ತು.
ಹೇರ್‌ಡ್ರೈಯರ್ ಹಿಡಿದು ಸಿಂಕಿನಡಿ ಕೂತದ್ದು,
ನನ್ನ ಕೈ, ಮೂರು ಗಂಟೆ.'

ಅಡ್ಡಗೆರೆಯನ್ನೂ ನಾನೇ ಎಳೆದೆ,
ಸ್ಕೇಲು ಇಟ್ಟು, ತೆಳ್ಳಗೆ,
ಕೆಳಗಿನ ಅಕ್ಷರ ಓದಲು ಬರುವ ಹಾಗೆ.